ನೆರೆ ತಡೆ ಯೋಜನೆಗೆ ಮೇಲ್ಕಣಿವೆಯ ಕಾಡನ್ನೂ ಸೇರಿಸಿಕೊಳ್ಳುವಂತೆ ಕೋರಿ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ನದಿ ಕಣಿವೆ ಪ್ರಾಧಿಕಾರ

ವಿಷಯ: ನದಿಯ ಮೇಲ್ಭಾಗದ ಕಾಡಿನ ನೆಲವನ್ನು ನೆರೆ ತಡೆ ಕಾಮಗಾರಿಯ ಭಾಗವಾಗಿ ಪರಿಗಣಿಸುವ ಬಗ್ಗೆ

ಮಾನ್ಯರೇ,

ನಾವು ನದಿ ದಂಡೆಯ ತಗ್ಗು ಬಡಾವಣೆಗಳ ನಿವಾಸಿಗಳು. ತಮ್ಮ ಕರಡು ಯೋಜನೆಯನ್ನು ಓದಿದ್ದೇವೆ. ಅದರಲ್ಲಿ ತಡೆಗೋಡೆ ಇದೆ, ಹೂಳೆತ್ತುವ ಕೆಲಸ ಇದೆ, ಪಂಪುಗಳಿವೆ. ನೀರು ಇಳಿದು ಬರುವ ಮೇಲಿನ ಕಾಡಿನ ಬಗ್ಗೆ ಮಾತ್ರ ‘ಸಸಿಗಳನ್ನು ನೆಡಲಾಗುವುದು’ ಎಂದಷ್ಟೇ ಇದೆ. ಅಷ್ಟಕ್ಕೇ ಬಿಟ್ಟರೆ ನಮ್ಮ ಮನೆಗಳು ಉಳಿಯುವುದಿಲ್ಲ ಎಂಬ ಆತಂಕದಿಂದ ಈ ಮನವಿ ಸಲ್ಲಿಸುತ್ತಿದ್ದೇವೆ.

ಮಳೆ ಬಿಡುವು ಕೊಟ್ಟಾಗ ನಮ್ಮಲ್ಲಿ ಕೆಲವರು ಹಳ್ಳದ ಜಾಡು ಹಿಡಿದು ಗುಡ್ಡ ಹತ್ತಿದೆವು. ಎರಡೂ ಕಡೆ ಬಾಯಿ ತೆರೆದ ಒಂದು ತಗಡಿನ ಡಬ್ಬಿ, ಒಂದು ಕ್ಯಾನ್ ನೀರು ಜೊತೆಗಿತ್ತು. ಹಳೆಯ ಕಾಡಿನೊಳಗೆ ದರಗು ಸರಿಸಿ, ಡಬ್ಬಿಯನ್ನು ನೆಲಕ್ಕೆ ಊರಿ ನೀರು ಹೊಯ್ದೆವು. ಎರಡನೇ ಸಲ ಹೊಯ್ಯಲು ಕ್ಯಾನ್ ಎತ್ತುವಷ್ಟರಲ್ಲಿ ಮೊದಲಿನದು ಇಂಗಿಹೋಗಿತ್ತು. ಅಲ್ಲಿಂದ ಕೂಗಳತೆ ದೂರದಲ್ಲಿ ಮರ ಸಾಗಿಸುವ ಲಾರಿಗಳ ದಾರಿ. ಅಲ್ಲಿ ಡಬ್ಬಿ ನೆಲಕ್ಕೆ ಇಳಿಯಲೇ ಇಲ್ಲ. ಕಲ್ಲಿನಿಂದ ಬಡಿದು ಕೂರಿಸಿದ ಮೇಲೂ ನೀರು ನಿಂತೇ ಇತ್ತು. ಆ ದಾರಿಯಂಚಿನ ಕೊರಕಲು ನೇರವಾಗಿ ಹಳ್ಳಕ್ಕೆ ಬಿದ್ದಿದೆ. ಮಳೆ ಜೋರಾದ ಗಳಿಗೆಯಲ್ಲೇ ನಮ್ಮ ಓಣಿಗೆ ರಾಡಿ ನೀರು ಏಕೆ ಬರುತ್ತದೆಂದು ಅಲ್ಲಿ ನಿಂತಾಗ ತಿಳಿಯಿತು.

ಎಲೆಗಳು ಮಳೆಯ ಒಂದು ಪಾಲನ್ನು ಹಿಡಿದಿಡುತ್ತವೆ, ನಿಜ. ದೊಡ್ಡ ಕೆಲಸ ನಡೆಯುವುದು ನೆಲದಲ್ಲಿ. ದರಗು ಹನಿಯ ಏಟು ತಾಳಿಕೊಳ್ಳುತ್ತದೆ. ಸತ್ತ ಬೇರು, ಎರೆಹುಳು, ಗೆದ್ದಲು ಬಿಟ್ಟ ದಾರಿಗಳಲ್ಲಿ ನೀರು ಒಳಗಿಳಿದು, ತಡವಾಗಿ ಹಳ್ಳ ಸೇರುತ್ತದೆ. ಎರಡು ಮಳೆಗಳ ನಡುವೆ ಮರಗಳು ಮಣ್ಣಿನ ತೇವ ಹೀರಿ ಮುಂದಿನ ಮಳೆಗೆ ಜಾಗ ಮಾಡಿಡುತ್ತವೆ. ಅಮೆರಿಕದ ಹಬಾರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯದಲ್ಲಿ 1965ರ ಕೊನೆಗೆ ಒಂದು ಪುಟ್ಟ ಕಣಿವೆಯ ಮರಗಳನ್ನೆಲ್ಲ ಕಡಿದು, ಮತ್ತೆ ಚಿಗುರದಂತೆ ಕಳೆನಾಶಕ ಹೊಡೆದರು. ಮೊದಲ ವರ್ಷವೇ ತೊರೆಯ ಹರಿವು ಶೇ. 39ರಷ್ಟು ಹೆಚ್ಚಿತು. ಕಡಿದ ಮರಗಳನ್ನು ಅಲ್ಲಿ ಎಳೆದೊಯ್ದಿರಲಿಲ್ಲ, ರಸ್ತೆಯನ್ನೂ ಮಾಡಿರಲಿಲ್ಲ. ನೆಲ ಕದಡದೆಯೇ ಇಷ್ಟಾದರೆ, ಲಾರಿ ಓಡಾಡಿದ, ಬೆಂಕಿಯಲ್ಲಿ ದರಗು ಸುಟ್ಟುಹೋದ ಇಳಿಜಾರುಗಳ ಪಾಡನ್ನು ತಾವೇ ಊಹಿಸಬಹುದು.

ಕಾಡಿದ್ದರೆ ನೆರೆಯೇ ಬಾರದೆಂದು ನಾವು ವಾದಿಸುತ್ತಿಲ್ಲ. ದಿನಗಟ್ಟಲೆ ಸುರಿದು ಮಣ್ಣು ತುಂಬಿಕೊಂಡ ಮೇಲೆ ಕಾಡೂ ನೀರನ್ನು ಬಿಟ್ಟುಕೊಡುತ್ತದೆ. ಮಹಾಪೂರಕ್ಕೆ ತಡೆಗೋಡೆಯೂ ಬೇಕು, ಮುನ್ಸೂಚನೆಯೂ ಬೇಕು. ಆದರೆ ನಮ್ಮನ್ನು ಮತ್ತೆಮತ್ತೆ ಕಾಡುವುದು ಚಿಕ್ಕ ಹಳ್ಳಗಳ ದಿಢೀರ್ ನೆರೆ. ಕಾಡಿನ ನೆಲ ಹೆಚ್ಚು ಕೈಹಿಡಿಯುವುದು ಅಲ್ಲೇ.

ಹಸಿರು ಕಂಡದ್ದೆಲ್ಲ ಕಾಡೆಂದು ಲೆಕ್ಕ ಹಾಕಬೇಡಿ ಎಂದೂ ಕೋರುತ್ತೇವೆ. 1988ರ ನವೆಂಬರಿನಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ಕಾಡು ತೆಗೆದು ರಬ್ಬರ್ ನೆಟ್ಟಿದ್ದ ಇಳಿಜಾರುಗಳು ಭಾರೀ ಮಳೆಗೆ ಕುಸಿದು, ಮಣ್ಣಿನ ಜೊತೆ ಮರದ ದಿಮ್ಮಿಗಳೂ ಹಳ್ಳಿಗಳ ಮೇಲೆ ನುಗ್ಗಿದವು. ಮರುವರ್ಷ ಜನವರಿಯಲ್ಲಿ ಆ ದೇಶ ನೈಸರ್ಗಿಕ ಕಾಡುಗಳಲ್ಲಿ ವಾಣಿಜ್ಯ ಮರಕಡಿತವನ್ನೇ ನಿಷೇಧಿಸಿತು.

ಮೊದಲು ಆಗಬೇಕಾದದ್ದು ಲಾರಿ ದಾರಿಗಳ ದುರಸ್ತಿ. ಇದಕ್ಕೆ ದೊಡ್ಡ ಹಣವೂ ಬೇಡ. ದಾರಿಗೆ ಅಲ್ಲಲ್ಲಿ ಅಡ್ಡದಿಣ್ಣೆ ಹಾಕಿ ನೀರನ್ನು ಹಳ್ಳಕ್ಕೆ ಬಿಡದೆ ಕಾಡಿನೊಳಕ್ಕೆ ತಿರುಗಿಸಬೇಕು. ಬಳಕೆ ತಪ್ಪಿದ ದಾರಿಗಳನ್ನು ಅಗೆದು ಸಡಿಲಿಸಿ ಮುಚ್ಚಬೇಕು. ಮಣ್ಣು ಒದ್ದೆಯಿರುವಾಗ ಮರ ಎಳೆಯಲು ಅನುಮತಿ ಕೊಡಬಾರದು. ಹಳ್ಳದ ಎರಡೂ ದಡದ ಮರಗಳನ್ನು ಮುಟ್ಟದೆ, ಕಡಿದು ಬಿಟ್ಟ ಕೊಂಬೆ-ದಿಮ್ಮಿಗಳನ್ನು ಮಳೆಗೆ ಮುನ್ನ ಅಲ್ಲಿಂದ ತೆರವು ಮಾಡಿಸಿ. ಇವೇ ತೇಲಿಬಂದು ಸೇತುವೆಯ ಕಣ್ಣುಗಳಿಗೆ ಸಿಕ್ಕಿಕೊಂಡು ನೀರನ್ನು ಮನೆಗಳತ್ತ ತಿರುಗಿಸುತ್ತವೆ. ಸಸಿ ನೆಡುವ ನೆಪದಲ್ಲಿ ಇರುವ ಹುಲ್ಲು, ಕುರುಚಲನ್ನು ಯಂತ್ರದಿಂದ ಕಿತ್ತು ನೆಲ ಬೋಳು ಮಾಡಬಾರದು. ಮೇಲಿನ ಹಳ್ಳಗಳಲ್ಲಿ ಮಳೆಮಾಪಕ, ನೀರಿನ ಮಟ್ಟದ ಅಳತೆಗೋಲು ಇಟ್ಟು, ಲೆಕ್ಕ ಎಲ್ಲರಿಗೂ ಕಾಣುವಂತಿರಲಿ.

ಮೇಲಿನ ಊರಿನವರ ಮೇಲೆ ದೋಷ ಹೊರಿಸುವುದು ನಮ್ಮ ಉದ್ದೇಶವಲ್ಲ. ನಮ್ಮ ರಕ್ಷಣೆಗಾಗಿ ಅವರು ಮಾಡುವ ಕೆಲಸಕ್ಕೆ ನೆರೆ ತಡೆ ನಿಧಿಯಿಂದಲೇ ಕೂಲಿ ಸಲ್ಲಬೇಕು, ಯೋಜನಾ ಸಮಿತಿಯಲ್ಲೂ ಅವರಿಗೆ ಜಾಗ ಸಿಗಬೇಕು.

ಕರಡು ಅಂತಿಮವಾಗುವ ಮುನ್ನ ತಮ್ಮ ಎಂಜಿನಿಯರುಗಳು ಒಮ್ಮೆ ಗುಡ್ಡ ಹತ್ತಬೇಕೆಂದು ವಿನಂತಿ. ನಾವೂ ಜೊತೆಗೆ ಬರುತ್ತೇವೆ. ಡಬ್ಬಿ ಊರಿದ ಎರಡೂ ಜಾಗಗಳಲ್ಲಿ ಗೂಟ ನೆಟ್ಟು ಗುರುತು ಮಾಡಿದ್ದೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ನದಿ ದಂಡೆಯ ಬಡಾವಣೆಗಳ ನಿವಾಸಿಗಳು