ಮನೆಗೆ ಇನ್ನೊಂದು ಪೆಟ್ಟಿಗೆ ಬೇಡ

ಮಾನ್ಯರೇ,

ಹಬ್ಬ ಹತ್ತಿರ ಬಂದರೆ ಮೊಬೈಲ್ ಸುಮ್ಮನಿರುವುದಿಲ್ಲ. ‘ಇನ್ನೆರಡೇ ಗಂಟೆ’, ‘ಮೂರೇ ಉಳಿದಿವೆ’ ಅನ್ನುತ್ತದೆ. ಆ ಅವಸರ ನಮ್ಮದಲ್ಲ, ಮಾರುವವರದ್ದು. ನಮ್ಮ ಫ್ಲ್ಯಾಟಿನ ಮೆಟ್ಟಿಲ ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಕಪಾಟಿನಲ್ಲಿ ತುಂಬಿಟ್ಟ ಚೀಲ, ಚಪ್ಪಲಿಗೆಲ್ಲ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅದನ್ನು ಒರೆಸುವುದೂ ಒಂದು ಕೆಲಸ, ಅಲ್ವಾ?

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಬೇಕೆನಿಸಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ತಿಂಗಳ ಹಾಳೆ ಮಗುಚುವಾಗಲೂ ಬೇಕು ಅನ್ನಿಸಿದರೆ ಮಾತ್ರ ಕೊಳ್ಳುವುದು. ಹೆಚ್ಚಿನವು ಹಾಳೆಯ ಜೊತೆಗೇ ಹೋಗುತ್ತವೆ. ಉಳಿದ ದುಡ್ಡು ತಿರುಗಾಟಕ್ಕೆ.

ತಿರುಗಾಟ ಅಂದರೆ ದೂರದ್ದಲ್ಲ. ಕಾರ್ಕಳದ ಚತುರ್ಮುಖ ಬಸದಿಗೆ ಹೋದೆವು. 1586ರದ್ದು. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ಮಗಳು ಪೂರ್ತಿ ಸುತ್ತಿ ಬಂದು, ‘ನಾವು ಒಳಗೆ ಬಂದದ್ದು ಯಾವ ಕಡೆಯಿಂದ?’ ಎಂದು ಕೇಳಿದಳು. ಮಂಗಳೂರಿನ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ಕತ್ತೆತ್ತಿ ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಯಕ್ಷಗಾನ ಬಯಲಾಟಕ್ಕಂತೂ ಟಿಕೆಟೇ ಇಲ್ಲ. ದೀಪಾವಳಿ ಕಳೆದು ಮೇಳಗಳು ಹೊರಟರೆ ಮೇ ಕೊನೆಯಲ್ಲಿ ಬರುವ ಪತ್ತನಾಜೆಯವರೆಗೂ ಊರೂರಲ್ಲಿ ಆಟ. ಸುಮ್ನೆ ಚಾಪೆ ಹಿಡಿದು ಹೋದರಾಯಿತು.

ಒಂದು ವಿನಂತಿ. ಇಂಥ ಜಾಗಗಳಿಗೆ ಹೋಗುವ ಬಸ್ಸಿನ ಸಮಯ, ತೆರೆದಿರುವ ಹೊತ್ತು, ಮಳೆಗಾಲ ಮುಗಿದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಶುರುವಾಗುವ ದಿನ, ಇವನ್ನು ಶನಿವಾರದ ಪುಟದಲ್ಲಿ ಹಾಕಿ. ಆಫರ್ ಜಾಹೀರಾತಿನಷ್ಟೇ ದೊಡ್ಡದಾಗಿ ಹಾಕಿ.

– ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ