ತೊನೆ ನದಿ ಮತ್ತು ಟೋಕಿಯೊದ ಭೂಗತ ತೊಟ್ಟಿ: ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ಟೋಕಿಯೊ ನಗರವನ್ನು ನೆರೆಯಿಂದ ಕಾಯುವ ‘ಭೂಗತ ದೇಗುಲ’ ಎಂಬ ತೊಟ್ಟಿಯ ಬಗ್ಗೆ ಈಚೆಗೆ ತಮ್ಮ ಪತ್ರಿಕೆಯಲ್ಲಿ ಬಂದ ಬರಹಕ್ಕೆ ಈ ತಿದ್ದುಪಡಿ. ಕಂಬಗಳ ಫೋಟೊ ಚೆನ್ನಾಗಿತ್ತು. ಆದರೆ ಆ ತೊಟ್ಟಿ ತೊನೆ ನದಿಯ ನೆರೆಯನ್ನು ಹೀರಿಕೊಳ್ಳುತ್ತದೆ ಎಂದದ್ದು ಸರಿಯಲ್ಲ. ನಕ್ಷೆಯಲ್ಲಿ ತೊನೆಯಿಂದ ತೊಟ್ಟಿಯತ್ತ ಹಾಕಿದ್ದ ಬಾಣವಂತೂ ಪೂರಾ ಉಲ್ಟಾ. ನದಿಯ ಹೆಸರೂ ‘ಟೋನ್’ ಅಲ್ಲ, ‘ತೊನೆ’. ತೆನೆ ತೊನೆಯುತ್ತದಲ್ಲ, ಅದೇ ಉಚ್ಚಾರ.

ಕಸುಕಾಬೆ ಪಟ್ಟಣದ ಬಳಿ, ನೆಲದಿಂದ ಸುಮಾರು 50 ಮೀಟರ್ ಕೆಳಗೆ, 6.3 ಕಿ.ಮೀ. ಉದ್ದದ ಸುರಂಗವಿದೆ. ನಾಕಾ, ಕುರಾಮತ್ಸು, ಒತೊಶಿ-ಫುರುತೊನೆ ಮುಂತಾದ ಚಿಕ್ಕಪುಟ್ಟ ನದಿಗಳು ಉಕ್ಕಿದರೆ, ದಂಡೆಯಲ್ಲಿ ತಗ್ಗಿಸಿ ಕಟ್ಟಿದ ಜಾಗದಿಂದ ನೀರು 30 ಮೀಟರ್ ಅಗಲದ ಬಾವಿಗಳಿಗೆ ತಾನಾಗಿ ಧುಮುಕುತ್ತದೆ. ಸುರಂಗದ ಕೊನೆಯಲ್ಲಿರುವುದೇ ಫೋಟೊದ ತೊಟ್ಟಿ: 177 ಮೀ. ಉದ್ದ, 78 ಮೀ. ಅಗಲ, ತಲಾ 500 ಟನ್ ತೂಗುವ 59 ಕಂಬ. ಇಷ್ಟು ತೂಕ ಚಾವಣಿ ಹೊರುವುದಕ್ಕಷ್ಟೇ ಅಲ್ಲ. ಸುತ್ತಲಿನ ಅಂತರ್ಜಲ ಖಾಲಿ ತೊಟ್ಟಿಯನ್ನು ಡಬ್ಬಿಯ ಹಾಗೆ ತೇಲಿಸಿ ಮೇಲೆತ್ತದಂತೆ ಅದುಮಿ ಹಿಡಿಯಲೂ ಬೇಕು. ನೀರನ್ನು ಕೂಡಿಡುವುದಕ್ಕಿಂತ ಅದರ ರಭಸ ತಗ್ಗಿಸುವುದು, ಪಂಪು ಹಠಾತ್ತನೆ ನಿಂತಾಗ ಹಿಂದಕ್ಕೆ ಒದೆಯುವ ಒತ್ತಡ ತಾಳುವುದು ಈ ತೊಟ್ಟಿಯ ಮುಖ್ಯ ಕೆಲಸ. ಅಲ್ಲಿಂದ ನಾಲ್ಕು ಪಂಪುಗಳು ಸೇರಿ ಸೆಕೆಂಡಿಗೆ 200 ಘನ ಮೀಟರ್ ನೀರನ್ನು ಎದೊ ನದಿಗೆ ಎತ್ತಿ ಸುರಿಯುತ್ತವೆ. ಎದೊ ಎಂದರೆ ತೊನೆಯದೇ ಕವಲು. ನೀರು ತೊನೆಯ ಕವಲಿಗೆ ಹೋಗುತ್ತದೆಯೇ ಹೊರತು ತೊನೆಯಿಂದ ಬರುವುದಿಲ್ಲ. ತೊನೆಯ ಮಹಾಪೂರಕ್ಕೆ 1980ರಲ್ಲಿ ಯತ್ತಾಜಿಮಾ ಎಂಬಲ್ಲಿ ಹಾಕಿಕೊಂಡ ಲೆಕ್ಕ ಸೆಕೆಂಡಿಗೆ 22,000 ಘನ ಮೀಟರ್. ಅದರ ಮುಂದೆ 200 ಎಷ್ಟರದು?

ಹಾಗಾದರೆ ತೊಟ್ಟಿ ಅಲ್ಲೇ ಏಕೆ ಬೇಕಾಯಿತು? ಉತ್ತರ ‘ಫುರುತೊನೆ’ ಎಂಬ ಹೆಸರಿನಲ್ಲೇ ಇದೆ. ಹಾಗೆಂದರೆ ಹಳೆ ತೊನೆ. ಗುಮ್ಮಾ-ನಿಗಾತಾ ಗಡಿಯ ಒಮಿನಕಾಮಿ ಬೆಟ್ಟದಲ್ಲಿ ಹುಟ್ಟಿ 322 ಕಿ.ಮೀ. ಹರಿದು ಚೋಶಿಯಲ್ಲಿ ಪೆಸಿಫಿಕ್ ಸೇರುವ ಈ ನದಿ ಮೊದಲು ಇಂದಿನ ಟೋಕಿಯೊ ಕೊಲ್ಲಿಗೆ ಹೋಗುತ್ತಿತ್ತು. 1594ರಲ್ಲಿ ಒಂದು ಕವಲನ್ನು ಮುಚ್ಚುವುದರಿಂದ ಶುರುವಾದ ಕೆಲಸ 1654ರಲ್ಲಿ ಅಕಾಬೊರಿ ಕಾಲುವೆಗೆ ನೀರು ಹರಿಯುವವರೆಗೆ ನಡೆಯಿತು. ನದಿ ಪೂರ್ವಕ್ಕೆ ತಿರುಗಿತು, ಚೋಶಿಯಿಂದ ಬಂದ ಸರಕಿನ ದೋಣಿಗಳು ಸೆಕಿಯಾದೊ ಬಳಸಿ ಎದೊ ನಗರ (ಇಂದಿನ ಟೋಕಿಯೊ) ಮುಟ್ಟತೊಡಗಿದವು. ಹಳೆಯ ಪಾತ್ರ ಮಾತ್ರ ತಟ್ಟೆಯ ಹಾಗೆ ತಗ್ಗಾಗಿಯೇ ಉಳಿಯಿತು. ಇಳಿಜಾರಿಲ್ಲದ ಆ ತಟ್ಟೆಯಲ್ಲಿ ನಿಂತ ಮಳೆನೀರನ್ನೇ ಇಂದು ಸುರಂಗ ಹೊರಹಾಕುತ್ತಿರುವುದು.

ದಂಡೆ ಒಡೆದರೆ ಏನಾಗುತ್ತದೆ ಎನ್ನುವುದಕ್ಕೆ 1947ರ ಸೆಪ್ಟೆಂಬರ್ 16 ಸಾಕ್ಷಿ. ಕ್ಯಾಥ್ಲೀನ್ ಚಂಡಮಾರುತದ ನೀರು ಇಂದಿನ ಕಾಜೊ ಪಟ್ಟಣದ ಬಳಿ ದಂಡೆಯ ತಲೆ ಹಾರಿತು, ಹಿಂಬದಿಯ ಮಣ್ಣನ್ನು ಕೊರೆಯಿತು, 300 ಮೀಟರಿಗೂ ಹೆಚ್ಚು ಉದ್ದ ಕಿತ್ತುಕೊಂಡು ಹೋಯಿತು. ನುಗ್ಗಿದ ನೀರು ಹೊಸ ಪಾತ್ರ ಬಿಟ್ಟು ಹಳೆ ತೊನೆಯ ಜಾಡನ್ನೇ ಹಿಡಿದು, ಮೂರು ದಿನಗಳಲ್ಲಿ ಟೋಕಿಯೊದ ಪೂರ್ವ ಭಾಗ ತಲುಪಿತು. ಆ ದಂಡೆಗಳು ಶತಮಾನಗಳಿಂದ ಪದರದ ಮೇಲೆ ಪದರ ಹಾಕಿ ಎತ್ತರಿಸಿದವು, ಒಳಗಿನ ಮಣ್ಣು ಒಂದೇ ತೆರನಲ್ಲ. ನೀರು ಹಾರದಿದ್ದರೂ ದಿನಗಟ್ಟಲೆ ಒತ್ತಿ ನಿಂತರೆ ಮರಳಿನ ಪದರದಲ್ಲಿ ಜಿನುಗಿ ಹಿಂಬದಿಯಲ್ಲಿ ಬುಗ್ಗೆ ಏಳುತ್ತದೆ. ಅದಕ್ಕೇ ಈಗ ಹಿಂಬದಿಯ ಇಳಿಜಾರನ್ನು ಒಂದು ಪಾಲು ಎತ್ತರಕ್ಕೆ ಏಳು ಪಾಲು ಅಗಲದಂತೆ ಹಿಗ್ಗಿಸುವ ಕೆಲಸ. ದಂಡೆಗೆ ಅಂಟಿಕೊಂಡಿದ್ದ ಮನೆಗಳು ಎದ್ದು ಹೋಗಬೇಕು. ಫೋಟೊಗೆ ಒದಗುವ ಕೆಲಸವಲ್ಲ, ಯಾರೂ ಬರೆಯುವುದಿಲ್ಲ.

ಅಣೆಕಟ್ಟುಗಳ ಬಗ್ಗೆಯೂ ಒಂದು ಮಾತು. 2019ರ ಅಕ್ಟೋಬರಿನ ಹಗಿಬಿಸ್ ಚಂಡಮಾರುತದಲ್ಲಿ ತೊನೆಯ ಉಪನದಿಯ ಮೇಲಿನ ಯಂಬಾ ಅಣೆಕಟ್ಟು ಸುಮಾರು 7.5 ಕೋಟಿ ಘನ ಮೀಟರ್ ನೀರು ಹಿಡಿದದ್ದು ನಿಜ. ಆದರೆ ಅದು ಪರೀಕ್ಷಾರ್ಥ ತುಂಬಿಸಲು ಆಗಷ್ಟೇ ಶುರುಮಾಡಿದ್ದ, ಹೆಚ್ಚುಕಡಿಮೆ ಖಾಲಿ ಜಲಾಶಯ. ಮಾಮೂಲು ವರ್ಷದಲ್ಲಿ ನೆರೆಗೆಂದು ಮೀಸಲಿಡುವುದು 6.5 ಕೋಟಿ ಮಾತ್ರ. ಆ ದಿನದ ಸಾಧನೆಯನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ಅಂದು ಅದಕ್ಕಿಂತ ಹೆಚ್ಚು ದುಡಿದ ವತಾರಸೆಯ 33 ಚದರ ಕಿ.ಮೀ. ಜೌಗುಬಯಲನ್ನು ತಮ್ಮ ಬರಹ ಹೆಸರಿಸಿಯೂ ಇಲ್ಲ. ಆಶಿಯೊ ತಾಮ್ರದ ಗಣಿಯ ವಿಷ ಹೊತ್ತು ತರುತ್ತಿದ್ದ ನದಿಯ ನೆರೆ ನಿಲ್ಲಿಸಲೆಂದು ಯನಾಕಾ ಎಂಬ ಇಡೀ ಹಳ್ಳಿಯನ್ನು ಎಬ್ಬಿಸಿ ಮಾಡಿದ ಬಯಲು ಅದು.

ಯಂಬಾ ಕಟ್ಟಲು ಸಾಧ್ಯವಾದದ್ದೇ ಮೇಲಿನ ಕುಸಾತ್ಸುವಿನಲ್ಲಿ ನಡೆಯುವ ಒಂದು ಕೆಲಸದಿಂದ. ಅಲ್ಲಿನ ಬಿಸಿನೀರ ಬುಗ್ಗೆಗಳಲ್ಲಿ ಗಂಧಕಾಮ್ಲ, ಹೈಡ್ರೋಕ್ಲೋರಿಕ್ ಆಮ್ಲ ಎರಡೂ ಇವೆ. ಪಿಎಚ್ ಸುಮಾರು 2, ಅಂದರೆ ನಿಂಬೆರಸದಷ್ಟು ಹುಳಿ. ಹಾಗೇ ಹರಿಯಬಿಟ್ಟರೆ ಮೀನು ಬದುಕದು, ಸೇತುವೆಯ ಕಬ್ಬಿಣ, ಕಾಂಕ್ರೀಟು ತಿಂದುಹೋಗುತ್ತವೆ, ಗದ್ದೆ ಕೆಡುತ್ತದೆ. 1964ರಿಂದ ಸುಣ್ಣಕಲ್ಲಿನ ಪುಡಿಯನ್ನು ನೀರಿನಲ್ಲಿ ಕದಡಿ, ಹಾಲಿನಂತಾದ ಅದನ್ನು ಯುಕಾವಾ ಹೊಳೆಗೆ ಹಗಲೂ ರಾತ್ರಿ ಸುರಿಯುತ್ತಿದ್ದಾರೆ, ದಿನಕ್ಕೆ 50–60 ಟನ್. ಸೇತುವೆಯ ಮೇಲೆ ನಿಂತರೆ ಕೊಳವೆಗಳಿಂದ ಬಿಳಿ ಧಾರೆ ಹೊಳೆಗೆ ಬೀಳುವುದು ಕಾಣುತ್ತದೆ. ಉಳಿದ ಕೆಸರು ಕೆಳಗಿನ ಶಿನಾಕಿ ಅಣೆಕಟ್ಟಿನಲ್ಲಿ ಕೂರುತ್ತದೆ. ತೊಡಕೂ ಅಲ್ಲೇ: ಕೆಸರಿನಲ್ಲಿ ಆರ್ಸೆನಿಕ್ ಇದೆ, ಜಲಾಶಯ ತುಂಬುತ್ತಲೇ ಇರುತ್ತದೆ, ಬಾಚಿ ಗುಡ್ಡದ ಮೇಲೆ ಹಾಕಲು ಜಾಗ ಹುಡುಕುತ್ತಲೇ ಇರಬೇಕು. ನಿಲ್ಲಿಸುವ ಹಾಗೂ ಇಲ್ಲ.

ಕುಡಿಯುವ ನೀರಿನ ಕತೆ ಸಣ್ಣದು. 1964ರಲ್ಲಿ, ಒಲಿಂಪಿಕ್ಸ್ ವರ್ಷದಲ್ಲೇ, ಟೋಕಿಯೊ ಬರಕ್ಕೆ ತತ್ತರಿಸಿದ ಮೇಲೆ ಗ್ಯೋದಾ ಬಳಿಯ ತೊನೆ ಒಡ್ಡಿನಿಂದ 14.5 ಕಿ.ಮೀ. ಉದ್ದದ ಮುಸಾಶಿ ಕಾಲುವೆಯ ಮೂಲಕ ನೀರನ್ನು ಅರಾಕಾವಾ ನದಿಗೆ ದಾಟಿಸಿ, ಕೆಳಗೆ ಅಕಿಗಾಸೆಯಲ್ಲಿ ಎತ್ತುವ ಏರ್ಪಾಡಾಯಿತು. ಸುತ್ತಲೂ ಕೊಳವೆಬಾವಿಗಳು ಅಂತರ್ಜಲ ಹೀರಿದ್ದರಿಂದ ನೆಲ ಕುಸಿದು ಕಾಲುವೆಯ ಹರಿವೇ ಕುಗ್ಗಿತು, 2010ರ ದಶಕದಲ್ಲಿ ಅದನ್ನು ಹೊಸದಾಗಿ ಕಟ್ಟಬೇಕಾಯಿತು.

ಮೇಲೆ ಎತ್ತಿಕೊಂಡ ನೀರಿನ ಬೆಲೆ ಕೆಳಗೆ ತೆರಬೇಕು. ಬರಗಾಲದಲ್ಲಿ ಹರಿವು ತಗ್ಗಿದರೆ ಸಮುದ್ರದ ಉಪ್ಪು ಹತ್ತಾರು ಕಿ.ಮೀ. ಮೇಲೇರಿ ಗದ್ದೆ ಸುಡುತ್ತದೆ; 1958ರಲ್ಲಿ ಹಾಗೇ ಆಗಿತ್ತು. 1971ರಲ್ಲಿ ಸಮುದ್ರಮುಖದಿಂದ 18.5 ಕಿ.ಮೀ. ಮೇಲೆ ಬಾಗಿಲುಗಳ ಒಡ್ಡು ಬಂತು. ಗದ್ದೆ ಉಳಿಯಿತು. ಆದರೆ ಶಿಜಿಮಿ ಎಂಬ ಕಪ್ಪೆಚಿಪ್ಪು ಮರಿಮಾಡಲು ಅರೆಉಪ್ಪು ನೀರೇ ಆಗಬೇಕು. ಒಡ್ಡಿನ ಮೇಲ್ಭಾಗ ಸಿಹಿಯಾದಂತೆ ಅದು ಕಡಿಮೆಯಾಗುತ್ತ ಬಂತು, ಅದನ್ನು ನಂಬಿದ್ದ ಮೀನುಗಾರರ ಕಸುಬೂ ಹೋಯಿತು.

ನಕ್ಷೆಯನ್ನು ಮತ್ತೆ ಅಚ್ಚು ಮಾಡುವುದಾದರೆ ಬಾಣವನ್ನು ಪೂರ್ವಕ್ಕೆ, ಎದೊ ನದಿಯತ್ತ ತಿರುಗಿಸಿ. ಹಳೆ ತೊನೆಯ ಜಾಡನ್ನು ಚುಕ್ಕೆಗೆರೆಯಲ್ಲಿ ತೋರಿಸಲು ಜಾಗವಿದ್ದರೆ ಇನ್ನೂ ಒಳ್ಳೆಯದು.

ಇತಿ,
ಓದುಗರು