ಅಪ್ಪನ ಟ್ರಂಕಿನಲ್ಲಿ ಸಿಕ್ಕ ಒಣ ಮೀನು

ಸಂಪಾದಕರೇ,

ಹೋದ ತಿಂಗಳು ಶಹಾಪುರದ ನಮ್ಮ ತವರುಮನೆ ಖಾಲಿ ಮಾಡಿದೆವು. ಅಪ್ಪ ಕಾರವಾರದವರು. ಹಡಗಿನಲ್ಲಿ ಭಂಡಾರಿ, ಅಂದರೆ ಅಡುಗೆಯವರು. ಅವರ ಟ್ರಂಕಿನ ತಳದಲ್ಲಿ ಮೂರು ಬಿಸ್ಕತ್ತಿನ ಡಬ್ಬಿ ಸಿಕ್ಕವು. ಒಂದರಲ್ಲಿ ಹಳದಿ ಬಣ್ಣದ ಗಟ್ಟಿ ಹಾಳೆಗಳು. ಇನ್ನೊಂದರಲ್ಲಿ ಕಂದು ಬಿಲ್ಲೆಗಳು. ಮೂರನೆಯದರಲ್ಲಿ ಸುಟ್ಟ ಬದನೆಕಾಯಿಯ ಹಾಗೆ ಕರ್ರಗೆ ಮುರುಟಿದ ಆರು ತುಂಡು. ತಮ್ಮ ಮೂಗು ಮುಚ್ಚಿಕೊಂಡು "ಅಕ್ಕಾ, ಕಸದ ಗಾಡಿಗೆ ಹಾಕೋಣ" ಅಂದ. ನೋಡಲು ಬಂದ ವ್ಯಾಪಾರಿಯೊಬ್ಬರು ಎಲ್ಲಾ ಸೇರಿ ₹1,500 ಕೊಡ್ತೀನಿ ಅಂದರು. ಅವರ ಕಣ್ಣು ಮಾತ್ರ ಹಳದಿ ಹಾಳೆಗಳ ಮೇಲೇ ಇತ್ತು. ನಾನು ಕೊಡಲಿಲ್ಲ.

ಆ ಹಾಳೆ ನನಗೆ ಗೊತ್ತಿತ್ತು. ದೊಡ್ಡ ಮೀನಿನ ಗಾಳಿಚೀಲ ಅದು, ಮೀನು ತೇಲಲು ಹೊಟ್ಟೆಯೊಳಗಿರುವ ಚೀಲವನ್ನು ಒಣಗಿಸಿದ್ದು. ನನ್ನ ಮಗಳ ಬಾಣಂತನದಲ್ಲಿ ಅಪ್ಪ ಒಂದನ್ನು ರಾತ್ರಿಯಿಡೀ ನೆನೆಹಾಕಿ, ಕೋಳಿ, ಶುಂಠಿ ಜೊತೆ ಸಣ್ಣ ಉರಿಯಲ್ಲಿ ಕುದಿಸಿ ಸಾರು ಮಾಡಿದ್ದರು. ಚೀನಾದವರೂ ಬಾಣಂತಿಗೆ ಇದನ್ನೇ ಕೊಡುತ್ತಾರಂತೆ. ಹಾಂಗ್‌ಕಾಂಗ್‌ನ ಶೆಯುಂಗ್ ವಾನ್‌ನಲ್ಲಿ ಬೀದಿಗೆ ಬೀದಿಯೇ ಒಣ ಮೀನಿನ ಅಂಗಡಿಗಳಿವೆ. ಹಡಗು ಅಲ್ಲಿ ನಿಂತಾಗಲೆಲ್ಲ ಅಪ್ಪ ಒಂದೆರಡು ತರುತ್ತಿದ್ದರು. ಸುತ್ತಿದ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಇಸವಿ ಬರೆದಿದ್ದಾರೆ: 1987, 1991.

ಅಪ್ಪನ ಹಡಗಿನ ಗೆಳೆಯರೊಬ್ಬರು ಗೋವಾದಲ್ಲಿದ್ದಾರೆ. ವಿಡಿಯೊ ಕಾಲ್‌ನಲ್ಲಿ ಒಂದೊಂದನ್ನೇ ತೋರಿಸಿದೆ. ಗಾಳಿಚೀಲ ಹಳೆಯದಾದಷ್ಟೂ ಬಣ್ಣ ಗಾಢವಾಗುತ್ತದೆ, ಹಾಂಗ್‌ಕಾಂಗ್‌ನವರಿಗೆ ಹಳೆಯದೇ ಜಾಸ್ತಿ ಇಷ್ಟ ಅಂದರು. ದಪ್ಪ ನೋಡಬೇಕು, ಬೆಳಕಿಗೆ ಹಿಡಿದು ಹುಳು ಕೊರೆದ ತೂತು ಇದೆಯಾ ನೋಡಬೇಕು. ನಮ್ಮ ಬೆಳಗಾವಿ ಮಳೆಗಾಲದ ಥಂಡಿಗೆ ಎರಡು ಹಾಳೆಗೆ ಬೂಸ್ಟು ಬಂದಿತ್ತು, ಅವು ಹೋದವು. ಬಿಲ್ಲೆಗಳು ಅಬಲೋನ್, ಒಂದೇ ಚಿಪ್ಪಿನ ಕಡಲ ಬಸವನಹುಳು. ಅದನ್ನು 'ತಲೆ' ಲೆಕ್ಕದಲ್ಲಿ ಅಳೆಯುತ್ತಾರೆ. ಸುಮಾರು 600 ಗ್ರಾಂಗೆ ಎಷ್ಟು ಬಿಲ್ಲೆ ಬರುತ್ತದೋ ಅಷ್ಟು ತಲೆ. ತಲೆ ಕಡಿಮೆಯಾದಷ್ಟೂ ಬಿಲ್ಲೆ ದೊಡ್ಡದು, ಬೆಲೆ ಹೆಚ್ಚು. ನಮ್ಮವು 8 ಬಿಲ್ಲೆ, 400 ಗ್ರಾಂ ತೂಗಿದವು. ಅಂದರೆ 12 ತಲೆಯವು.

ಗಾಳಿಚೀಲದ ಬೆಲೆ ನಮ್ಮ ಕರಾವಳಿಗೂ ಹೊಸದಲ್ಲ. 2021ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನ ಮೀನುಗಾರರಿಗೆ 157 ಘೋಳ್ ಮೀನಿಗೆ ₹1.33 ಕೋಟಿ ಸಿಕ್ಕಿದ ಸುದ್ದಿ ಎಲ್ಲರೂ ಓದಿದ್ದೇವೆ, ಅಲ್ವಾ? ಆ ಮೀನಿಗೆ ಅಷ್ಟು ಬೆಲೆ ಬಂದದ್ದು ಮುಖ್ಯವಾಗಿ ಅದರ ಗಾಳಿಚೀಲದಿಂದ.

ಕಪ್ಪು ತುಂಡು ನೋಡಿದ ಕೂಡಲೇ ಅಪ್ಪನ ಆ ಗೆಳೆಯರ ದನಿ ಬದಲಾಯಿತು. "ಅದು ಕಡಲ ಸೌತೆ. ಯಾರಿಗೂ ಮಾರಬೇಡಮ್ಮಾ" ಅಂದರು. ಕಡಲ ಸೌತೆ ಅಂದರೆ ತರಕಾರಿಯಲ್ಲ, ಕಡಲ ತಳದಲ್ಲಿರುವ ಸೌತೆಕಾಯಿ ಆಕಾರದ ಪ್ರಾಣಿ. 2001ರಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಿದರು, ಹುಲಿ ಇರುವ ಪಟ್ಟಿಗೇ. ಹಿಡಿಯುವುದೂ ಮಾರುವುದೂ ಅಪರಾಧ. ಅಪ್ಪ ತಂದದ್ದು ಅದಕ್ಕಿಂತ ಮೊದಲು. ಆದರೆ ಮೂರೂ ಡಬ್ಬಿಗೆ ಒಂದೇ ಬೆಲೆ ಕಟ್ಟಿದ ಆ ವ್ಯಾಪಾರಿ ಈ ಮಾತು ಎತ್ತಲೇ ಇಲ್ಲ. ₹1,500 ತೆಗೆದುಕೊಂಡಿದ್ದರೆ ನಾನೂ ತಪ್ಪಿತಸ್ಥೆಯೇ.

ಒಪ್ಪಿಸೋಣ ಅಂತ ಒಂದು ಕಚೇರಿಗೆ ಹೋದೆ. ಇನ್ನೊಂದಕ್ಕೆ ಹೋಗಿ ಅಂದರು. ಅಲ್ಲಿಂದ ಮತ್ತೆ ಮೊದಲಿನದಕ್ಕೇ ಕಳಿಸಿದರು. ಹಡಗಿನಲ್ಲಿ ದುಡಿದವರ ಮನೆಗಳು ನಮ್ಮ ಭಾಗದಲ್ಲೂ ಇವೆ. ಅವರ ಮಕ್ಕಳಿಗೂ ಇಂಥ ಡಬ್ಬಿ ಸಿಗಬಹುದು. ಯಾವುದು ಮಾರಬಹುದು, ಯಾವುದು ಕೂಡದು ಅಂತ ಚಿತ್ರ ಸಮೇತ ಕನ್ನಡದಲ್ಲಿ ಒಂದು ಫಲಕವನ್ನು ಮೀನು ಮಾರ್ಕೆಟ್‌ನಲ್ಲಿ ಹಾಕಲಿ. ಒಪ್ಪಿಸುವ ಜಾಗದ ಹೆಸರೂ ಅದರಲ್ಲಿರಲಿ.

ಆ ಆರು ತುಂಡು ಇನ್ನೂ ನಮ್ಮ ಕಪಾಟಿನಲ್ಲಿವೆ. ಯಾರ ಕೈಗೆ ಕೊಡಬೇಕು ಅಂತ ತಿಳಿಸಿದರೆ ಅದೇ ದಿನ ತಂದು ಕೊಡುತ್ತೇನೆ.

– ನಿವೃತ್ತ ಶಿಕ್ಷಕಿ, ಬೆಳಗಾವಿ